ಮೆಂತ್ಯದ ವಾಸನೆಯ ಮೂಳೆಗಳು

ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಮಂಚದ ಕೆಳಗೆ ಗುಡಿಸಲು ಬಗ್ಗಿದಾಗ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ತಂಗಿಯ ಬಣ್ಣ, ಬ್ರಷ್ಷು ಇರಬೇಕೆಂದು ಮುಚ್ಚಳ ತೆಗೆದೆ. ಒಳಗೆ, ಅಮ್ಮನ ಹಳೇ ಸೀರೆಯ ತುಂಡಿನ ಮೇಲೆ, ಮನುಷ್ಯರ ಮೂಳೆಗಳಿದ್ದವು.

ಒಂದು ಕೈ ಪೂರ್ತಿ, ಬೆರಳ ತುದಿಯವರೆಗೆ. ಪಕ್ಕೆಲುಬು. ಹಲ್ಲಿನ ಸಮೇತ ದವಡೆ. ಪೊರಕೆ ಹಿಡಿದುಕೊಂಡೇ ಹೊರಗೆ ಓಡಿ ಬಂದು ನಿಂತೆ.

ತಂಗಿ ಶಿವಮೊಗ್ಗದಲ್ಲಿ ಚಿತ್ರಕಲೆ ಓದುತ್ತಿದ್ದಳು, ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಮೂಳೆಗಳ ಚಿತ್ರ ಬರೆಯುತ್ತಾಳೆಂದು ಗೊತ್ತಿತ್ತು. ಊಟಕ್ಕೆ ಕೂತಾಗ ನನ್ನ ಮುಂಗೈ ಹಿಡಿದು ತಿರುಗಿಸುತ್ತಿದ್ದಳು.

"ಒಳಗಡೆ ಎರಡು ಮೂಳೆ ಒಂದರ ಮೇಲೊಂದು ಹಾಯ್ತವೆ, ಮುಟ್ಟಿ ನೋಡಣ್ಣ."

"ಮೊದ್ಲು ಅನ್ನ ತಿನ್ನು ಮಾರಾಯ್ತಿ."

ಆದರೆ ಯಾರದೋ ಎಲುಬನ್ನು ಮನೆಗೇ ತಂದು, ಅದೂ ಅಮ್ಮನ ಮಂಚದ ಕೆಳಗೇ ಇಡುತ್ತಾಳೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಆಟೋ ಓಡಿಸುವವನು. ಏನೋ ದೊಡ್ಡ ಮಾತು ಹೇಳಿ ನನ್ನ ಬಾಯಿ ಮುಚ್ಚಿಸುತ್ತಾಳೆ ಅನ್ನಿಸಿತು. ಯಾರ ಮೂಳೆಯಾದರೂ ಹೊಳೆ ಸೇರಲೇಬೇಕಲ್ಲ. ಬೆರಳು ತಾಗಿಸದೆ ಸೀರೆಯ ಅಂಚು ಹಿಡಿದು ಗಂಟು ಕಟ್ಟಿದೆ. ಗಂಟು ತೀರಾ ಹಗುರವಾಗಿತ್ತು. ಮೆಂತ್ಯದ ವಾಸನೆ ಬಂತು.

ಅದು ಅಮ್ಮನ ಕೈಯ ವಾಸನೆ. ಹಳೇ ಕಾಗದ ನೆನೆಸಿ, ಮೆಂತ್ಯದ ಜೊತೆ ರುಬ್ಬಿ ಮೊರಕ್ಕೆ ಬಳಿಯುತ್ತಿದ್ದಳು. ಕಾಗದನಗರದ ನಮ್ಮ ಸಾಲಿನಲ್ಲಿ ಎಲ್ಲರ ಮನೆಯ ಮೊರವೂ ಅವಳು ಬಳಿದದ್ದೇ. ಆಗಲೂ ನನಗೆ ಹೊಳೆಯಲಿಲ್ಲ. ಬೇಗ ಕಳಿಸು ಎಂದು ಅಮ್ಮನೇ ಹೇಳುತ್ತಿದ್ದಾಳೆಂದುಕೊಂಡೆ.

ಭದ್ರಾ ಹೊಳೆಯಲ್ಲಿ ಮೊಣಕಾಲವರೆಗೆ ಇಳಿದು ಗಂಟು ಬಿಟ್ಟೆ. ತಿರುಗಿ ನೋಡಬಾರದೆಂದು ಗೊತ್ತಿದ್ದರಿಂದ ನೇರ ಮೆಟ್ಟಿಲು ಹತ್ತಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸು ಕೂಗಿದಳು:

"ಏ ಆಟೋದಣ್ಣ, ಏನ್ ಬಿಟ್ಟೆಯಪ್ಪಾ? ಎಲ್ಲಾ ತೇಲ್ತಾ ಇದೆಯಲ್ಲ!"

ತಿರುಗಿದೆ. ಗಂಟು ಬಿಚ್ಚಿಕೊಂಡಿತ್ತು. ಆ ಕೈ ಬೆರಳುಗಳನ್ನು ಮೇಲೆ ಮಾಡಿಕೊಂಡು ನೀರಿನ ಮೇಲೆ ಹೋಗುತ್ತಿತ್ತು. ನಿಜವಾದ ಮೂಳೆ ಮುಳುಗಬೇಕಲ್ಲ ಎಂದುಕೊಳ್ಳುತ್ತಾ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಸಂಜೆ ತಂಗಿ ಬಂದವಳೇ ಮಂಚದ ಕೆಳಗೆ ಬಗ್ಗಿದಳು.

"ಅಣ್ಣಾ, ಪೆಟ್ಟಿಗೆ ಖಾಲಿ ಇದೆ."

"ಹೆಗ್ಗಣ ಎಳ್ಕೊಂಡು ಹೋಗಿರ್ಬೇಕು."

"ಸೀರೆಯಲ್ಲಿ ಗಂಟು ಕಟ್ಕೊಂಡು ಹೋಯ್ತಾ?"

ಅವಳು ಮಂಚದ ಮೇಲೆ ಕೂತು ತನಗೆ ತಾನೇ ಹೇಳಿಕೊಳ್ಳುವಂತೆ ಹೇಳತೊಡಗಿದಳು. ಕಾಲೇಜಿನ ಅಸ್ಥಿಪಂಜರವನ್ನು ಮನೆಗೆ ತರುವ ಹಾಗಿಲ್ಲವಂತೆ. ಬರೀ ಕಣ್ಣಲ್ಲಿ ನೋಡಿದರೆ ಗೆರೆ ಸುಳ್ಳಾಗುತ್ತದಂತೆ. ಎಲ್ಲಿ ದಪ್ಪ, ಎಲ್ಲಿ ತಗ್ಗು ಎಂದು ಕೈಗೆ ತಿಳಿಯಬೇಕೆಂದು ಒಂದೊಂದೇ ಮೂಳೆಯನ್ನು ಕಾಗದ, ಮೆಂತ್ಯ ರುಬ್ಬಿ ಮಾಡಿ ಜೋಡಿಸಿದ್ದಳು. ಆರಿದ ಮೇಲೆ ಟೀ ಡಿಕಾಕ್ಷನ್ ಬಳಿದು ಬಣ್ಣ ಬರಿಸಿದ್ದಳು. ಹದ ಕಲಿಸಿದ್ದು ಅಮ್ಮ. ಸೋಮವಾರದ ಪರೀಕ್ಷೆಗೆ ಅವನ್ನೂ ಚಿತ್ರಗಳನ್ನೂ ಜೊತೆಗಿಡಬೇಕಿತ್ತು. ಕೈಯ ಚಿತ್ರವೊಂದು ಬಾಕಿಯಿತ್ತು.

"ಸರಿ, ನಿನ್ ಕೈ ಕೊಡು," ಎಂದಳು.

ನನ್ನ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಗೆಣ್ಣು ಒತ್ತುತ್ತಾ, ಪೆನ್ಸಿಲಿನಿಂದ ಗೆರೆ ಎಳೆದಳು. ಅವಳ ಹೆಬ್ಬೆರಳು ಮಣಿಕಟ್ಟಿಗೆ ಬಂದಾಗ ನಿಂತಿತು.

"ನಾಡಿ ಯಾಕಣ್ಣ ಹಿಂಗೆ ಓಡ್ತಿದೆ?"

ಆಗ ಹೇಳಿದೆ. ಎಲ್ಲವನ್ನೂ. ಬೈಯುತ್ತಾಳೆಂದು ತಲೆ ತಗ್ಗಿಸಿ ಕಾದೆ. ಅವಳು ಕೇಳಿದ್ದು ಒಂದೇ:

"ತೇಲಿದ್ವಾ?"

"ತೇಲಿದ್ವು."

"ಅಮ್ಮಂದು?"

ಅಮ್ಮನ ಅಸ್ಥಿ ಬಿಡಲು ಕೂಡ್ಲಿಯ ಸಂಗಮಕ್ಕೆ ಹೊರಟಾಗ ಇವಳೂ ಚಪ್ಪಲಿ ಮೆಟ್ಟಿ ಆಟೋ ಹತ್ತಿದ್ದಳು. ಹೆಣ್ಣುಮಕ್ಕಳು ಬರಬಾರದೆಂದು ಗದರಿ ಇಳಿಸಿದವನು ನಾನೇ.

"ನೋಡ್ಲಿಲ್ಲ ಪುಟ್ಟಿ. ಮಡಕೆ ಬಿಟ್ಟು ಹಂಗೇ ಬಂದೆ. ತಿರುಗಿ ನೋಡಬಾರದು ಅಂದ್ರು."



"ನಾನಾಗಿದ್ರೆ ನೋಡ್ತಿದ್ದೆ," ಎಂದಳು. ಆಮೇಲೆ ನನ್ನ ಕೈ ತಿರುಗಿಸಿಕೊಂಡು ಉಳಿದ ಬೆರಳುಗಳನ್ನು ಬರೆದಳು. ನಾನು ಕೈ ಅಲುಗಿಸಲಿಲ್ಲ.