ರೆಕ್ಕೆಗೆ ಹಾಕಿದ ಬಿಲ್ಲೆ

ಕೋಳಿಯ ರೆಕ್ಕೆಯಲ್ಲಿ ಬಿಲ್ಲೆಯ ತೂತಿನ ಸುತ್ತ ರಕ್ತ ಇನ್ನೂ ಹಸಿಯಾಗಿತ್ತು. ಮರಿಯಾಗಿದ್ದಾಗ ನಾನೇ ರೆಕ್ಕೆಯ ಚರ್ಮಕ್ಕೆ ಚುಚ್ಚಿದ, ಸಂಖ್ಯೆ ಕೊರೆದ ಅಲ್ಯುಮಿನಿಯಂ ಬಿಲ್ಲೆ ಅದು. ಇಷ್ಟು ತಿಂಗಳಲ್ಲಿ ತೂತಿನ ಅಂಚು ಮಾಗಿ ನುಣ್ಣಗಾಗಿರಬೇಕಿತ್ತು. ಕೋಳಿಯನ್ನು ತಕ್ಕಡಿಗೆ ಹಾಕದೆ ಮಡಿಲಲ್ಲೇ ಹಿಡಿದುಕೊಂಡೆ.

ಕೋಳಿಗಳ ಬೆಳವಣಿಗೆ ಮತ್ತು ಕೊಬ್ಬನ್ನು ಪ್ರಭಾವಿಸುವ ಜೀನ್‌ಗಳನ್ನು ಹುಡುಕುವುದು ಆಗ ನನ್ನ ಸಂಶೋಧನೆ. ಜವಾರಿ ಹುಂಜಕ್ಕೂ ಫಾರ್ಮಿನ ದಪ್ಪ ಹೇಂಟೆಗೂ ಹುಟ್ಟಿದ ತಳಿಯ ಮರಿಗಳನ್ನು ಹಿತ್ತಲಲ್ಲಿ ಬೆಳೆಸಲೆಂದು ಗಜೇಂದ್ರಗಡದ ಒಂದು ಮನೆಗೂ ಅಬ್ಬಿಗೇರಿಯ ಈ ಮುಸ್ಲಿಂ ಕುಟುಂಬಕ್ಕೂ ಕೊಟ್ಟಿದ್ದೆ. ಎಳವೆಯಲ್ಲಿ ರಕ್ತ ತೆಗೆದು ಜೀನಿನ ರೂಪ ಗುರುತಿಸುವುದು; ಬೆಳೆದ ಮೇಲೆ ತೂಕ, ಕೊಯ್ದ ಮೇಲೆ ಹೊಟ್ಟೆಯ ಕೊಬ್ಬು ನೋಡುವುದು. ರಕ್ತಕ್ಕೂ ಕೊಬ್ಬಿಗೂ ನಂಟು ಬಿಲ್ಲೆಯ ಸಂಖ್ಯೆಯೊಂದೇ. ಒಂದು ರೂಪದ ಜೀನ್ ಇದ್ದವುಗಳಲ್ಲಿ ಕೊಬ್ಬು ಕಡಿಮೆ ಕಂಡಿತ್ತು, ಅಬ್ಬಿಗೇರಿಯಲ್ಲಂತೂ ಎದ್ದು ಕಾಣುವಷ್ಟು. ನನ್ನ ಪ್ರಬಂಧ ನಿಂತದ್ದು ಅದರ ಮೇಲೆ.

ಮನೆಯಾಕೆಯನ್ನು ಕರೆದು, "ಈ ಬಿಲ್ಲಿ ಯಾರು ಹಾಕಿದ್ರಿ?" ಎಂದೆ.

"ನಾನ ಬೇಟಾ. ನಿಮ್ಮದು ಸತ್ತಿತ್ತು. ನಮ್ಮದರಾಗ ಅದ ಬಣ್ಣದ್ದು ಹುಡುಕಿ ಹಾಕೀನಿ."

"ಇದೊಂದ?"

"ಐದಾರು ಇರಬೇಕು. ಮೊದಲ ಕೊಯ್ದ್ರಲ್ಲ, ಆ ಕೋಳ್ಯಾಗೂ ಇದ್ದವು."

"ಯಾವ್ಯಾವು?"

"ಅಯ್ಯ, ಅದನ್ನ್ಯಾಕ ನೆನಪ ಇಟ್ಟಕೊಳ್ಳಲಿ? ತುಂಬಿ ಕೊಡದ ಮಂದಿ ಕೋಳಿ ನುಂಗಿದಾಕಿ ಅನ್ನಿಸ್ಕೊಳ್ಳಲೇನು?" ಆಕೆ ನಕ್ಕಳು. "ಜ್ವಾಳಾ ತಿಂದ ಚಲೋ ಕೋಳಿ ಕೊಟ್ಟೀನಿ, ಮಾರಿ ಸಣ್ಣ ಮಾಡತೀರಲ್ಲ!"

ನಮ್ಮ ಕಡೆ ಕೋಳಿಯನ್ನು ಪಾಲಿಗೆ ಕೊಡುತ್ತಾರೆ. ಸಾಕಿದವರಿಗೆ ಮರಿಗಳಲ್ಲಿ ಅರ್ಧ. ಕೊಟ್ಟ ಕೋಳಿ ಸತ್ತರೆ ಅದೇ ಬಣ್ಣದ್ದನ್ನು ಅವರೇ ತುಂಬಿಕೊಡಬೇಕು. ನರಗುಂದದಲ್ಲಿ ಬೆಳೆದ ನನಗೆ ಇದು ಗೊತ್ತಿತ್ತು. ಸತ್ತರೆ ತಿಳಿಸಿದರೆ ಸಾಕು, ತುಂಬಿಕೊಡಬೇಡಿ ಎಂದು ಮಾತ್ರ ಆಕೆಗೆ ಹೇಳಿರಲಿಲ್ಲ. ಸತ್ತ ಮರಿಗಳ ರಕ್ತವೂ ಬೇರೆ ಕೋಳಿಗಳ ಕೊಬ್ಬೂ ಒಂದೇ ಸಂಖ್ಯೆಯಡಿ ಸೇರಿದ್ದವು; ನಾನು ಕಂಡುಹಿಡಿದೆನೆಂದುಕೊಂಡ ಗುಣ ಸಹಜವಾಗಿಯೇ ಕೊಬ್ಬು ಕಡಿಮೆಯಿರುವ ಆಕೆಯ ಹಿತ್ತಲಿನ ಜವಾರಿ ಕೋಳಿಗಳದ್ದು. ಆಕೆ ತಂದಿಟ್ಟ ಚಹಾ ಕುಡಿಯದೆ ಎದ್ದೆ.

ರೋಣದ ಬಸ್ ಸ್ಟ್ಯಾಂಡಿನ ಬೂತಿನಿಂದ ಧಾರವಾಡದಲ್ಲಿದ್ದ ನನ್ನ ಗೈಡಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ರೆಕ್ಕಿ ಎತ್ತಿ ನೋಡು ಅಂತ ನಿನಗ ಯಾರು ಹೇಳಿದ್ರು?" ಅವರೂ ನಕ್ಕರು. "ಕೋಳಿ ಕೊಯ್ದಾತು, ಸಾರೂ ಆತು. ಪರೀಕ್ಷಕರು ಅಬ್ಬಿಗೇರಿಗೆ ಬರತಾರೇನು? ಸುಮ್ನ ಪ್ರಬಂಧ ಬರಿ."

"ಗಜೇಂದ್ರಗಡದವು ಅಷ್ಟ ಇಟ್ಟಕೊಂಡ್ರ ಹ್ಯಾಂಗ್ರಿ ಸರ್?"

"ಅದರಾಗ ಏನೂ ಬರಂಗಿಲ್ಲ. ಏನೂ ಸಿಗಲಿಲ್ಲ ಅಂತ ಬರದಾಕಿಗೆ ನೌಕರಿ ಯಾರು ಕೊಡತಾರ?"

"ಹೌದ್ರಿ" ಎಂದು ಫೋನ್ ಇಟ್ಟೆ. ಬಸ್ಸಿನಲ್ಲಿ ಸಿಟ್ಟು ಬಂದದ್ದೆಲ್ಲ ಆ ಹೆಂಗಸಿನ ಮೇಲೆ, ಗೈಡಿನ ಮೇಲಲ್ಲ. ಅದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮರುದಿನ ಬೆಳಿಗ್ಗೆ ಪ್ರಯೋಗಾಲಯಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಅಬ್ಬಿಗೇರಿಯ ಕೋಳಿಗಳ ಅಂಕಿಗಳ ಅಷ್ಟೂ ಸಾಲುಗಳನ್ನು ಕಂಪ್ಯೂಟರಿನಿಂದ ಅಳಿಸಿದೆ. ಉಳಿದ ಗಜೇಂದ್ರಗಡದವುಗಳಲ್ಲಿ ಜೀನಿನ ಎರಡು ರೂಪಗಳ ನಡುವೆ ಕೊಬ್ಬಿನಲ್ಲಿ ವ್ಯತ್ಯಾಸವಿರಲಿಲ್ಲ. ಹಾಗೆಂದೇ ಬರೆದು ಪ್ರಿಂಟ್ ತೆಗೆದು, ಗೈಡಿನ ಮೇಜಿನ ಮೇಲಿಟ್ಟು, ಅವರು ಬರುವ ಮೊದಲೇ ಹೊರಬಂದೆ.