ಗ್ಯಾಸು ಮೊದಲು ನಿಲ್ಲಬೇಕಿತ್ತು

ಶೇಡಬಾಳದ ನಮ್ಮ ಅಂಗಳದಲ್ಲಿ ಮೈದುನ ತನ್ನ ಹಳೆಯ ಕಾರಿಗೆ ನೈಟ್ರಸ್ ಸಿಲಿಂಡರ್ ಕೂರಿಸಿದ್ದ. ಆ ಗ್ಯಾಸು ಎಂಜಿನ್ನಿಗೆ ಹೊಕ್ಕರೆ ಕಾರು ಹುಚ್ಚೆದ್ದು ಓಡುತ್ತದಂತೆ. ನಿಪ್ಪಾಣಿಯ ಕಡೆ ಹೀಗೇ ಮಾಡಿದ ಒಂದು ಕಾರಿನ ಬಾನೆಟ್ ಹಾರಿಹೋದದ್ದನ್ನೂ ಅವನೇ ನಗುತ್ತ ಹೇಳಿದ್ದ. ಆ ಸಂಜೆ ಕಬ್ಬಿನ ನಡುವಿನ ರಸ್ತೆಯಲ್ಲಿ ಓಡಿಸಿ ನೋಡುವವನಿದ್ದ. ಎಂಜಿನ್ನಿನ ಮೊರೆತಕ್ಕೆ ದೇವರ ಕೋಣೆಯ ಗಂಟೆ ತಾನಾಗಿ ನಡುಗುತ್ತಿತ್ತು.

ಜೈನರಾದ ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. "ಉಂಡ ಹೋಗೋ, ಹೊತ್ತ ಮುಳಗಾಕತ್ತೈತಿ" ಎಂದೆ.

"ಬಂದ ಉಣ್ತೀನಿ ವಹಿನಿ" ಎಂದು ಅತ್ತಿಗೆಯ ಮಾತನ್ನು ತೇಲಿಸಿದ.

"ಬಂದ ಮ್ಯಾಲ ನೀರೂ ಸಿಗೂದಿಲ್ಲ."

ಗೊಣಗುತ್ತ ಬಂದು ಕೂತ. ರೊಟ್ಟಿ ಹಾಕುತ್ತ, ಎಂಜಿನ್ ಒಡೆಯದಂತೆ ಏನು ಮಾಡಿದ್ದಿ ಎಂದು ಕೇಳಿದೆ.

"ಎಂಜಿನ್ ನಿಮಿಷಕ್ಕ ಆರ ಸಾವಿರ ಸುತ್ತ ತಿರಗಿದ್ರ ಲಿಮಿಟರ್ ಪೆಟ್ರೋಲ್ ತಡೀತೈತಿ. ಗ್ಯಾಸ್ ಅದಕ್ಕಿಂತ ಮೊದಲ ಬಂದ್ ಆಗಬೇಕ. ಪೆಟ್ರೋಲ್ ನಿಂತು ಗ್ಯಾಸ್ ಹರದ್ರ ಎಲ್ಲಾ ಒಡದ ಹೋಗತೈತಿ."

"ಮತ್ತ ಗ್ಯಾಸ್ ಎಷ್ಟಕ್ಕ ಬಂದ್ ಆಗತೈತಿ?"

"ಆರೂವರಿ ಸಾವಿರಕ್ಕ..." ಎಂದವನ ತುತ್ತು ಕೈಯಲ್ಲೇ ಉಳಿಯಿತು. ಅವಸರದಲ್ಲಿ ಲಿಮಿಟರಿನ ಅಂಕಿಯನ್ನೂ ಗ್ಯಾಸಿನ ಅಂಕಿಯನ್ನೂ ಅದಲುಬದಲು ಮಾಡಿದ್ದ.

ಎದ್ದು ಹೋಗಿ ಸಿಲಿಂಡರಿನ ವಾಲ್ವ್ ಮುಚ್ಚಿ ಬಂದ. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಉಳಿದ ರೊಟ್ಟಿಯನ್ನು ಮುಟ್ಟಲಿಲ್ಲ.

"ನಾಳೆ ಸರಿ ಮಾಡಿ ಓಡಸ್ತೀನಿ" ಎಂದ.

ಇವತ್ತಿನ ಮಟ್ಟಿಗೆ ಇಷ್ಟು ದಯೆ ಸಾಕು ಎಂದು ಜಿನದೇವನಿಗೆ ಕೈ ಮುಗಿದೆ. ಕಾರು ಮಾತ್ರ ರಸ್ತೆಗೆ ಮುಖ ಮಾಡಿಕೊಂಡೇ ನಿಂತಿತ್ತು.