ಗಂಜಿ ಕಾಕಾ ಬೇರೆ ಕಡೆ ನಿಂತ ದಿನ

ಬನಹಟ್ಟಿಯ ನಮ್ಮ ಓಣಿಯ ಮಗ್ಗಗಳಿಗೆಲ್ಲ ಗಂಜಿ ಕಾಕಾನೇ ನೂಲಿಗೆ ಗಂಜಿ ಹಾಕಿ ಕೊಡುತ್ತಿದ್ದರು. ಭಾನುವಾರ ಚರ್ಚಿಗೆ ಹೋಗುವಾಗಲೂ ಅವರ ಉಗುರುಗಳಲ್ಲಿ ಬಿಳಿ ಗಂಜಿ ಉಳಿದಿರುತ್ತಿತ್ತು. ಯಾರು ಯಾವ ದೂರು ತಂದರೂ, "ಮೊದಲ ನೂಲು ನೋಡೂಣ್ರಿ" ಅನ್ನುತ್ತಿದ್ದರು.

ಒಮ್ಮೆ ಮೂರು ಮಗ್ಗಗಳಲ್ಲಿ ಎಳೆಗಳು ಒಂದೇ ಸಮನೆ ಕಡಿಯತೊಡಗಿದವು. ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುವ ವಿಧವೆ, ಮಗ್ಗಕ್ಕೆ ಉದ್ದಕ್ಕೆ ಹಾಸುವ ನೂಲನ್ನು ದಾಟಿದ ಅಪಶಕುನವೇ ಕಾರಣವೆಂದು ಓಣಿಯೆಲ್ಲ ಆಕೆಯ ಮನೆಯ ಮುಂದೆ ಸೇರಿತು. "ಇಕಿನ್ನ ಕೆಲಸಾ ಬಿಡಸ್ರಿ, ಓಣೀನೂ ಬಿಡಸ್ರಿ!" ಎಂದು ಗುಂಪು ಕೂಗಿತು. ಆಕೆ ಬಾಗಿಲಲ್ಲಿ ನಿಂತಿದ್ದಳು. ನಾನೂ ಆ ಗುಂಪಿನಲ್ಲಿದ್ದೆ.

ಕಾಕಾ ಬಂದು ಆಕೆಯ ಪಕ್ಕ ನಿಂತರು. ಕಡಿದ ಎಳೆಯನ್ನು ಬೆರಳಲ್ಲಿ ತಿಕ್ಕಿದರು; ಪುಡಿ ಉದುರಿತು. "ಗಂಜಿ ಗಟ್ಟಿ ಆಗೇತ್ರಿ, ಅದಕ್ಕ ಎಳಿ ಕಡಿಯಾಕತ್ತಾವು. ತಪ್ಪು ನಂದು."

"ಇಕಿ ಸಲುವಾಗಿ ಸುಳ್ಳ ಹೇಳಬ್ಯಾಡ ಕಾಕಾ," ಎಂದರು ಆಕೆಗೆ ಕೆಲಸ ಕೊಟ್ಟಿದ್ದ, ಆ ಮೂರು ಮಗ್ಗಗಳ ಮಾಲೀಕರು.

"ಖರೇನ ಹೇಳಾಕತ್ತೇನಿ ತಮ್ಮಾ. ಊರೆಲ್ಲಾ ಕೂಡಿ ತಪ್ಪಿಲ್ಲದವನ್ನ ಶಿಲುಬಿಗೆ ಹಾಕಿದ ಕತಿ ವಾರವಾರ ಕೇಳ್ತೇನಿ. ಎಲ್ಲಾರೂ ಒಬ್ಬರ ಕಡೆ ಬೆರಳ ತೋರಿಸಿದ್ರ ನನಗ ಅಂಜಿಕಿ ಬರ್ತೈತಿ."

ಮಾಲೀಕರು ತಾವೇ ಒಂದು ಎಳೆ ತಿಕ್ಕಿ ನೋಡಿದರು. ಆಮೇಲೆ, ಯಾರ ಮುಖವನ್ನೂ ನೋಡದೆ, ಆಕೆಗೆ ಹೇಳಿದರು: "ನಾಳೆ ಹೊಸಾ ನೂಲು ಬರ್ತೈತಿ. ಜಲ್ದಿ ಬಾ ಅಕ್ಕಾ."

ಮರುದಿನ ಆಕೆ ಎಲ್ಲರಿಗಿಂತ ಮೊದಲೇ ಬಂದಳು.